ಮಾವನ ಭಟ್ಟಿ, ನನ್ನ ಮೂಗು

ನಮ್ಮ ಸೋದರಮಾವ ಹಿತ್ತಿಲಲ್ಲಿ ಭಟ್ಟಿ ಇಳಿಸುತ್ತಾರೆ. ಗಾಬರಿಯಾಗಬೇಡಿ! ಹಣೆ ತುಂಬ ವಿಭೂತಿ ಬಳಿದುಕೊಂಡು, ಲಿಂಗಪೂಜೆ ಮುಗಿಸಿ, ಹಾಡುಹಗಲಲ್ಲೇ ಇಳಿಸುತ್ತಾರೆ. ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು "ಭಟ್ಟಿ ಯಜಮಾನ್ರ ಮನೆ ಎಲ್ಲಿ?" ಎಂದು ಕೇಳಿ ನೋಡಿ, ಯಾರು ಬೇಕಾದರೂ ತೋರಿಸುತ್ತಾರೆ. ಕೆಲವರು ತೋರಿಸಿ ಸುಮ್ಮನಾಗದೆ ನಿಮ್ಮ ಜೊತೆಯಲ್ಲೇ ಬಂದುಬಿಡುತ್ತಾರೆ. ಮನುಷ್ಯನ ಆಸೆ ನೋಡಿ!

ಮಾವ ಹುಟ್ಟಿದಾಗಿನಿಂದ ಒಂದು ತೊಟ್ಟು ಕುಡಿದವರಲ್ಲ. ಮದುವೆಮನೆಯಲ್ಲಿ ಸೋಡಾ ಕೊಟ್ಟರೂ "ಇದ್ಯಾಕೆ ಹಿಂಗೆ ನೊರೆ ಬತ್ತೈತೆ?" ಎಂದು ಅನುಮಾನದಿಂದ ನೋಡಿ ಪಕ್ಕಕ್ಕಿಡುವ ಪೈಕಿ. ಅಂಥವರ ಮನೆಗೆ ಭಟ್ಟಿ ಬಂದದ್ದು ಹೇಗೆ ಎಂದು ಕೇಳಿದರೆ, ನನ್ನ ಮೂಗಿನಿಂದ ಎಂದು ಹೇಳಬೇಕಾಗುತ್ತದೆ.

ನಾನು ಅರಸೀಕೆರೆಯಲ್ಲಿ ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ ಮಾಡಿ ಮಾರುವವಳು. ಈ ಕಸುಬಿನಲ್ಲಿ ಕೈಗಿಂತ ಮೂಗು ದೊಡ್ಡದು. ಧನಿಯಾ ಹುರಿಯುವಾಗ ಮೊದಲು ಹಸಿ ವಾಸನೆ, ಆಮೇಲೆ ಘಮ, ಆ ಘಮ ಇನ್ನೇನು ತಿರುಗಬೇಕು ಅನ್ನುವಾಗ ಬಾಣಲೆ ಇಳಿಸಿಬಿಡಬೇಕು. ಮೆಂತ್ಯವಂತೂ ಒಂದು ಉಸಿರು ತಡವಾದರೂ ಕಹಿ. ಈಗ ಇಲ್ಲದ ನನ್ನ ಅಮ್ಮ ಹಾಗೆ ಹುರಿಯುತ್ತಿದ್ದಳು, ನಾನೂ ಹಾಗೇ ಕಲಿತೆ. ಹೀಗಿರುವಾಗ ಒಂದು ಹಾಳು ಜ್ವರ ಬಂತು. ವಾರದಲ್ಲಿ ಅದೇನೋ ಹೋಯಿತು, ಹೋಗುವಾಗ ನನ್ನ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಕಾಫಿ ಬಿಸಿನೀರಾಯಿತು, ಮಲ್ಲಿಗೆ ಕಾಗದದ ಹೂವಾಯಿತು. ಧನಿಯಾ ಒಂದು ದಿನ ಹಸಿ, ಇನ್ನೊಂದು ದಿನ ಸೀದು ಕರಕಲು. ಡಾಕ್ಟರು "ಬಂದ್ರೆ ಬರುತ್ತೆ, ಕಾಯಬೇಕಮ್ಮ. ದಿನಾ ಬೇರೆ ಬೇರೆ ವಾಸನೆ ಮೂಸ್ತಾ ಇರಿ, ಮೂಗಿಗೆ ನೆನಪಾಗಬೇಕು" ಎಂದರು. ನಾನು ಅದನ್ನು ಫೋನಿನಲ್ಲಿ ಮಾವನಿಗೆ ಹೇಳಿ ಅತ್ತುಬಿಟ್ಟೆ. ಅಷ್ಟೇ ಮಾಡಿದ ತಪ್ಪು!

ಮಾವನದು ಹಳೇಬೀಡಿನಲ್ಲಿ ಗ್ರಂಧಿಗೆ ಅಂಗಡಿ. ಬೇರು, ತೊಗಟೆ, ಕರ್ಪೂರ, ಪೂಜೆ ಸಾಮಾನು ಎಲ್ಲ ಸಿಗುತ್ತದೆ. ಅದೇ ದಿನಗಳಲ್ಲಿ ಬೇಲೂರಿನ ಕಡೆ ಹೋಂಸ್ಟೇ ಇಟ್ಟಿದ್ದ ಇಬ್ಬರು ಯುವಕರು ಅವರ ಅಂಗಡಿಗೆ ಬಂದು, ಹಿಂದೆ ಕೊಂಡಿದ್ದ ಏಲಕ್ಕಿ, ಚಕ್ಕೆ, ಧನಿಯಾ ವಾಪಸ್ ತಗೊಳ್ತೀರಾ ಎಂದು ಕೇಳಿದರಂತೆ. ಅತಿಥಿಗಳಿಗೆಂದು ಮನೆಯಲ್ಲೇ ಜಿನ್ ಮಾಡುವ ಹುಮ್ಮಸ್ಸಿನಲ್ಲಿ ಪುಟ್ಟದೊಂದು ತಾಮ್ರದ ಭಟ್ಟಿಯನ್ನೂ ತರಿಸಿದ್ದರು. ಲೈಸೆನ್ಸ್ ಇಲ್ಲದೆ ಇಳಿಸಿದರೆ ಅತಿಥಿಗಳಿಗಿಂತ ಮೊದಲು ಪೊಲೀಸರು ಬರುತ್ತಾರೆ ಎಂದು ಯಾರೋ ತಿಳಿಹೇಳಿದ ಮೇಲೆ ಹುಮ್ಮಸ್ಸು ಇಳಿದಿತ್ತು.

"ಅದೇನ್ ಸ್ವಾಮಿ ಜಿನ್ ಅಂದ್ರೆ?" ಎಂದು ಮಾವ ಕೇಳಿದರು.

"ಏನಿಲ್ಲ ಸರ್, ಸ್ಪಿರಿಟ್ಟಿಗೆ ಧನಿಯಾ, ನಿಂಬೆ ಸಿಪ್ಪೆ, ಜುನಿಪರ್ ಅನ್ನೋ ಕಾಯಿ, ಇವುಗಳ ವಾಸನೆ ಹಿಡಿಸೋದು. ಆ ಯಂತ್ರ ವಾಸನೆನ ಹಿಂಡಿ ಹಿಂಡಿ ಕೊಡುತ್ತೆ."

ವಾಸನೆಯನ್ನು ಹಿಂಡಿ ಕೊಡುವ ಯಂತ್ರ! ಮಾವನ ಕಿವಿ ನೆಟ್ಟಗಾಯಿತು. "ಸ್ಪಿರಿಟ್ಟು ಬಿಟ್ಟು ಬರೀ ನೀರು ಹಾಕಿದ್ರೆ?" ಎಂದರು. ಬರುತ್ತೆ, ಆದರೆ ಅದನ್ನು ಯಾರು ಕುಡೀತಾರೆ ಎಂದು ಯುವಕರು ನಕ್ಕರು. ಸಂಜೆಯ ಹೊತ್ತಿಗೆ ಭಟ್ಟಿ ಮಾವನ ಹಿತ್ತಿಲಲ್ಲಿತ್ತು.

ಇಲ್ಲಿ ಒಂದು ವಿಷಯ ಹೇಳದಿದ್ದರೆ ಕಥೆಗೆ ಮೂಗೇ ಇರುವುದಿಲ್ಲ. ಮಾವನಿಗೂ ವಾಸನೆ ಗೊತ್ತಾಗುವುದಿಲ್ಲ! ಜ್ವರದಿಂದಲ್ಲ, ನಶ್ಯದಿಂದ. ಮೀಸೆ ಮೂಡುವ ಮೊದಲೇ ಶುರುಮಾಡಿದ ನಶ್ಯ. ಪಂಚೆಯ ಮಡಿಕೆಯಿಂದ ಬೆಳ್ಳಿಯ ಡಬ್ಬಿ ತೆಗೆಯುವುದು, ಮುಚ್ಚಳದ ಮೇಲೆ ಟಕ್ ಟಕ್ ಎಂದು ಬೆರಳಿನಿಂದ ತಟ್ಟುವುದು, ಆಮೇಲೆ ಮಾತು. ಡಬ್ಬಿ ತಟ್ಟದೆ ಅವರು ಅತ್ತೆಯ ಹೆಸರನ್ನೂ ಹೇಳಿದವರಲ್ಲ. ಹಲಸಿನ ಹಣ್ಣನ್ನು ಮೂಗಿನ ಕೆಳಗೇ ಹಿಡಿದರೂ "ಇದು ಕುಂಬಳಕಾಯಾ?" ಎಂದು ಕೇಳಬಲ್ಲ ಮಹಾನುಭಾವರು. ನನಗೆ ಮಾತ್ರ ಚಿಕ್ಕಂದಿನಿಂದ ಮಾವ ಎಂದರೆ ಆ ಖಾರ ಖಾರ ನಶ್ಯದ ವಾಸನೆ. ಅವರು ನಮ್ಮ ಮನೆಗೆ ಬಂದರೆ ಬಾಗಿಲಿಗೆ ಹೋಗಿ ನೋಡಬೇಕಾಗಿರಲಿಲ್ಲ, ಒಳಗಿನಿಂದಲೇ "ಮಾವ ಬಂದ್ರು!" ಎಂದು ಕೂಗುತ್ತಿದ್ದೆ. ಅಂತೂ ಮೂಗು ಕೆಟ್ಟ ಸೋದರಸೊಸೆಗಾಗಿ ಮೂಗು ಸತ್ತ ಮಾವ ಪರಿಮಳ ಇಳಿಸಲು ಹೊರಟರು. ಇಂಥ ಉದ್ಯಮ ಭೂಮಿಯ ಮೇಲೆ ಇನ್ನೆಲ್ಲಾದರೂ ಇದ್ದೀತೇ?

ಭಟ್ಟಿಯ ಮುಚ್ಚಳದ ಸಂದಿಯಿಂದ ಆವಿ ಹೋಗದಂತೆ ಗೋಧಿಹಿಟ್ಟು ಮೆತ್ತಬೇಕು. ಹೀಗಾಗಿ ಅತ್ತೆ ಚಪಾತಿಗೆಂದು ಕಲಸಿಟ್ಟ ಹಿಟ್ಟು ದಿನಾ ಮಾಯವಾಗತೊಡಗಿತು. ಒಲೆ ಹೊತ್ತಿಸಿದರೆ ಆವಿ ಕೊಳವೆಯಲ್ಲಿ ಹಾದು, ತಣ್ಣೀರಿನ ಬಕೆಟ್ಟಿನೊಳಗೆ ಸುತ್ತಿ, ತೊಟ್ಟು ತೊಟ್ಟಾಗಿ ಸೀಸೆಗೆ ಬೀಳುತ್ತದೆ. ಮೊದಲ ದಿನ ಧನಿಯಾ ಇಳಿಸಿದರು. ಸುದ್ದಿ ಕೆರೆ ಏರಿಯವರೆಗೂ ಹೋಯಿತು. ಸಂಜೆ ಮಾವನ ಬಾಲ್ಯದ ಗೆಳೆಯರೊಬ್ಬರು ಪೊಟ್ಟಣದಲ್ಲಿ ಖಾರದ ಕಡಲೆಬೀಜ ಕಟ್ಟಿಸಿಕೊಂಡು ಬಂದು ಜಗುಲಿಯ ಮೇಲೆ ಕುಳಿತರು.

"ಏನ್ಲಾ, ಕೊನೆಗಾಲ್ದಾಗಾದ್ರೂ ಒಳ್ಳೆ ಬುದ್ಧಿ ಬಂತಲ್ಲ! ಹಾಕು ಒಂದ್ ಲೋಟ."

ಮಾವ ಧಾರಾಳವಾಗಿ ಹಾಕಿದರು. ಗೆಳೆಯರು ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಏರಿಸಿ, ಏರುವುದನ್ನು ಕಾಯುತ್ತ ಕುಳಿತರು. ಕಡಲೆಬೀಜ ಮುಗಿಯಿತು, ಏನೂ ಏರಲಿಲ್ಲ. ಬೈದುಕೊಂಡು ಹೋದವರು ಬೆಳಿಗ್ಗೆ ಮತ್ತೆ ಪ್ರತ್ಯಕ್ಷ! "ಲೇ, ಅದ್ಯಾವ್ದೋ ಕೊಟ್ಟಿದ್ಯಲ್ಲ, ಹೊಟ್ಟೆ ಹೂವಿನಂಗಾಗೈತೆ ಕಣ್ಲಾ. ಇನ್ನೊಂದ್ ಲೋಟ ಐತಾ?" ಅಲ್ಲಿಂದ ಮಾವನ ಭಟ್ಟಿಗೆ ಬರುವವರೆಲ್ಲ ಬೆಳಗಿನ ಹೊತ್ತು ಬರತೊಡಗಿದರು.

ಯಾರೋ ಪುಣ್ಯಾತ್ಮರು ದೂರು ಕೊಟ್ಟು, ಅಬಕಾರಿಯವರೊಬ್ಬರು ಬೈಕಿನಲ್ಲಿ ಬಂದದ್ದೂ ಆಯಿತು. ಅತ್ತೆ ದೇವರ ಮನೆ ಸೇರಿ ಬಾಗಿಲು ಹಾಕಿಕೊಂಡರು. ಬಂದವರು ಚಮಚದಲ್ಲಿ ಸ್ವಲ್ಪ ಸುರಿದು ಬೆಂಕಿಕಡ್ಡಿ ಗೀರಿ ಹಿಡಿದರು. ಸಾರಾಯಿಯಾದರೆ ಹೊತ್ತಿಕೊಳ್ಳಬೇಕು. ಕಡ್ಡಿ ಚುಂಯ್ ಎಂದು ಆರಿತು. ಇನ್ನೊಂದು ಗೀರಿದರು, ಅದೂ ಆರಿತು. ಮಾವ ಡಬ್ಬಿಯ ಮೇಲೆ ಟಕ್ ಟಕ್ ಎಂದು ತಟ್ಟಿ, "ಸಾರ್, ನಿಮ್ಮ ಮೂಗು ಚೆನ್ನಾಗೈತಾ?" ಎಂದು ಕೇಳಿದರು.

"ಯಾಕ್ರೀ?"

"ಒಸಿ ಕೂತ್ಕಳಿ. ಇದು ಲಾವಂಚ, ಇದು ದವನ. ಎರಡ್ರಲ್ಲಿ ಯಾವ್ದು ಜೋರಾಗೈತೆ ಹೇಳ್ಬಿಡಿ. ನಮ್ಮನೇಲಿ ಹೇಳೋರಿಲ್ಲ."

ದಾಳಿಗೆ ಬಂದವರು ಮಧ್ಯಾಹ್ನದವರೆಗೂ ಸೀಸೆ ಮೂಸುತ್ತ ಕುಳಿತಿದ್ದು, ಹೊರಡುವಾಗ ತಾಯಿಗೆಂದು ಒಂದು ಸೀಸೆ ಲಾವಂಚದ ನೀರು ಕೇಳಿ ತೆಗೆದುಕೊಂಡು ಹೋದರು.

ಹೀಗೆ ಪರೀಕ್ಷೆಯಾದ ಸೀಸೆಗಳು ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ, ಕಂಡಕ್ಟರರ ಕಾಲ ಬಳಿ ಕೂತು, ಅರಸೀಕೆರೆಗೆ ಬರುತ್ತಿದ್ದವು. ಮೇಲೆ ಹೆಸರು ಬರೆದಿರುತ್ತಿರಲಿಲ್ಲ. ಹೆಸರು ಓದಿದರೆ ಮನಸ್ಸು ಮೂಗಿಗೆ ಸುಳ್ಳು ಹೇಳಿಕೊಡುತ್ತದಂತೆ! ನಾನು ಮೂಸಬೇಕು, ಮಾವ ಫೋನು ಮಾಡಬೇಕು.

"ಯಾವ್ದು ಹೇಳವ್ವ?"

"ಮಾವ... ಮಲ್ಲಿಗೆ?"

"ಹತ್ರ ಬಂದೆ ಬಿಡು. ಇಂಗು."

ಇಂಗನ್ನು ಭಟ್ಟಿಗೆ ಹಾಕುವವರುಂಟೇ! ಅದರ ದೆಸೆಯಿಂದ ಅವರ ಬೀದಿಯವರೆಲ್ಲ ಒಂದು ದಿನ ಕಿಟಕಿ ಮುಚ್ಚಿಕೊಂಡಿದ್ದರಂತೆ. ಆಮೇಲೆ ಪಚ್ಚೆಕರ್ಪೂರ, ಕರಿಬೇವು, ಹಲಸಿನ ತೊಳೆ, ಮೊದಲ ಮಳೆ ಬಿದ್ದ ಹೊಲದ ಹೆಂಟೆ, ಕೊನೆಗೆ ಸುಟ್ಟ ಕೊಬ್ಬರಿ ಚಿಪ್ಪು. ಅತ್ತೆ ಫೋನು ಕಸಿದುಕೊಂಡು, "ನನ್ನೊಬ್ಬಳನ್ನ ಇಳಿಸೋದು ಬಾಕಿ ಐತೆ ನೋಡು. ಬೇಗ ವಾಸಿ ಮಾಡ್ಕೊಳ್ಳೇ ತಾಯಿ, ಇಲ್ಲಾಂದ್ರೆ ನಾನೇ ಸೀಸೇಲಿ ಬತ್ತೀನಿ!" ಎಂದರು. ನಾನು ನಕ್ಕೆ. ನಗು ಬರುತ್ತಿತ್ತು, ವಾಸನೆ ಮಾತ್ರ ಬರುತ್ತಿರಲಿಲ್ಲ.

ನಡುನಡುವೆ ನಾನೂ ಹಳೇಬೀಡಿಗೆ ಹೋಗಿಬರುತ್ತಿದ್ದೆ. ಮಾವ ಎಂದಿನಂತೆ ಡಬ್ಬಿ ತೆಗೆಯುತ್ತಿದ್ದರು, ಟಕ್ ಟಕ್ ತಟ್ಟುತ್ತಿದ್ದರು, ಮತ್ತೆ ಹಾಗೆಯೇ ಪಂಚೆಯ ಮಡಿಕೆಗೆ ಸೇರಿಸುತ್ತಿದ್ದರು. ವಯಸ್ಸಾಯಿತು, ನಶ್ಯ ಏರಿಸುವುದನ್ನೇ ಮರೆಯುತ್ತಾರೆ ಪಾಪ ಎಂದುಕೊಂಡಿದ್ದೆ.

ಅಷ್ಟರಲ್ಲಿ ನಮ್ಮಮ್ಮನ ಕಾಲದಿಂದ ಪುಡಿ ಒಯ್ಯುತ್ತಿದ್ದ ಹಾರನಹಳ್ಳಿಯ ಹಿರಿಯರೊಬ್ಬರು ಡಬ್ಬ ವಾಪಸ್ ತಂದಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. "ಕೈ ಬದಲಾಯ್ತೇನವ್ವ?" ಎಂದು ಮೆಲ್ಲಗೆ ಕೇಳಿದರು. ಅವರು ಹೋದ ಮೇಲೆ ಬಾಣಲೆ ಕವುಚಿ ಹಾಕಿದೆ. ಗಡಿಯಾರ ನೋಡಿ ಹುರಿದದ್ದಾಯಿತು, ಬಣ್ಣ ನೋಡಿ ಹುರಿದದ್ದಾಯಿತು, ಪಕ್ಕದ ಮನೆಯವರನ್ನು ಕರೆದು ನಿಲ್ಲಿಸಿಕೊಂಡು ಹುರಿದದ್ದೂ ಆಯಿತು. ಅಮ್ಮ ಕೊಟ್ಟ ಹದ ನನ್ನಲ್ಲಿ ಉಳಿದಿಲ್ಲ ಎಂದ ಮೇಲೆ ಅವಳ ಹೆಸರಿನಲ್ಲಿ ಏನು ಮಾರುವುದು? ಮಾವನಿಗೆ ಫೋನು ಮಾಡಿ, ಒಲೆ ಆರಿಸಿದೆ, ಇನ್ನು ಸೀಸೆ ಕಳಿಸಬೇಡಿ ಎಂದೆ.

ಫೋನಿನಲ್ಲೂ ಟಕ್ ಟಕ್ ಕೇಳಿಸಿತು. "ನಾಳೆ ಬಾ. ಆ ಹುಡುಗ್ರು ಹೇಳಿದ್ ಜಿನ್ನಿನ ಸಾಮಾನು ಪೂರ್ತಿ ಹಾಕಿ ಇಳಿಸ್ತೀನಿ. ಧನಿಯಾ, ಏಲಕ್ಕಿ, ಚಕ್ಕೆ, ನಿಂಬೆ ಸಿಪ್ಪೆ, ಆ ಪರದೇಶದ ಕಾಯಿ, ಎಲ್ಲ ಒಟ್ಟಿಗೆ. ಅದಕ್ಕೂ ಬರ್ಲಿಲ್ಲ ಅಂದ್ರೆ ನಾನೂ ಭಟ್ಟಿ ಕಟ್ಟಿಡ್ತೀನಿ."

ಹೋದೆ. ಹಿತ್ತಿಲಲ್ಲಿ ಒಲೆ ಉರಿಯುತ್ತಿತ್ತು. ಮಾವ ಪಕ್ಕದಲ್ಲಿ ಮಣೆ ಹಾಕಿ ಕುಳಿತು, ಸೀಸೆಗೆ ತೊಟ್ಟು ಬೀಳುವುದನ್ನು ನೋಡುತ್ತ, ನಮ್ಮಮ್ಮ ಚಿಕ್ಕವಳಿದ್ದಾಗ ಬಸವಣ್ಣನ ಗುಡಿಯ ಹತ್ತಿರ ಹುಣಿಸೆಮರ ಹತ್ತಿ ಇಳಿಯಲಾಗದೆ ಅತ್ತ ಕಥೆ ಹೇಳತೊಡಗಿದರು. ಕಥೆಗೆ ರಂಗೇರಿತು. ತೊಟ್ಟು ಬೀಳುವುದು ಯಾವಾಗಲೋ ನಿಂತಿತ್ತು, ಇಬ್ಬರೂ ಗಮನಿಸಲಿಲ್ಲ.

"ಮಾವ, ಯಾರೋ ಧನಿಯಾ ಸೀಸ್ತಿದಾರೆ" ಎಂದೆ.

"ಯಾರು ಸೀಸ್ತಾರೆ, ಸುಮ್ನಿರು. ಆಮೇಲೇನಾಯ್ತು, ನಿಮ್ಮಜ್ಜಿ ಕೋಲು ತಗೊಂಡು..."

"ಅಯ್ಯೋ ಸೀದೇಹೋಯ್ತು ಮಾವ! ಮೊದಲೇ ಇಳಿಸ್ಬೇಕಿತ್ತು! ಏಲಕ್ಕಿನೂ ಹೋಯ್ತು!"

"ನಂಗೇನೂ ಬತ್ತಿಲ್ಲ, ನಿಂಗೆಲ್ಲಿಂದ..." ಎಂದವರು ಅಲ್ಲಿಗೇ ಮಾತು ತುಂಡರಿಸಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಳಗಿನಿಂದ ಅತ್ತೆ, "ರೀ, ಭಟ್ಟಿ ತಳ ಹತ್ತೈತೆ, ಮನೆಯೆಲ್ಲ ಕಮರು! ಇಬ್ರೂ ಅಲ್ಲೇ ಕೂತು ಏನ್ ಮಾಡ್ತಿದ್ದೀರಿ?" ಎಂದು ಕೂಗುತ್ತ ಓಡಿಬಂದರು. ಮಾವ ಮಣೆಯಿಂದ ಎದ್ದು ನಿಂತು, "ತಳ ಹತ್ತೈತೆ! ತಳ ಹತ್ತೈತೆ ಕಣೇ!" ಎಂದು ಹಬ್ಬ ಬಂದವರಂತೆ ಹಿತ್ತಿಲ ತುಂಬ ಓಡಾಡಿದರು. ತಾಮ್ರದ ತಳ ಕಪ್ಪಗೆ ಕರಕಲಾಗಿತ್ತು. ಯಾರಿಗೆ ಬೇಕಾಗಿತ್ತು ತಾಮ್ರ! ನಾನು ಆ ಹೊಗೆಯ ಮುಂದೆ ಕುಳಿತು, ಕಣ್ಣಲ್ಲಿ ನೀರು ಸುರಿಸುತ್ತ, ಎದೆ ತುಂಬ ಸೀದ ವಾಸನೆ ಎಳೆದುಕೊಂಡೆ. ಅಷ್ಟು ಒಳ್ಳೆಯ ವಾಸನೆಯನ್ನು ನಾನು ಜನ್ಮದಲ್ಲಿ ಮೂಸಿರಲಿಲ್ಲ.

ಮಾವನ ಹೆಗಲ ಮೇಲಿನ ಟವಲಿಗೆ ಮುಖ ಒತ್ತಿ ಅತ್ತುಬಿಟ್ಟೆ. ವಿಭೂತಿಯ ವಾಸನೆ ಬಂತು, ಹೊಗೆ ಬಂತು. ಮತ್ತೆ ಮೂಸಿದೆ.

"ಮಾವ, ನನ್ನ ಮೂಗು ಪೂರ್ತಿ ಬಂದಿಲ್ಲ. ನಿಮ್ಮ ನಶ್ಯದ ವಾಸನೆ ಗೊತ್ತಾಗ್ತಿಲ್ಲ."

ಮಾವ ಡಬ್ಬಿಯನ್ನು ಹುಡುಕುವವರಂತೆ ಪಂಚೆಯ ಮಡಿಕೆ ತಡವಿಕೊಂಡರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಲ್ಲಿಂದ ಬರಬೇಕು ಅದು? ನಿನಗೆ ವಾಸನೆ ಹೋಯ್ತು ಅಂದ ದಿನವೇ ಬಸವಣ್ಣನ ಮುಂದೆ ನಿಂತು ಹರಕೆ ಕಟ್ಟಿಕೊಂಡ್ರು. ಮಗೀಗೆ ವಾಸನೆ ಬರೋಗಂಟ ನಶ್ಯ ಮುಟ್ಟಲ್ಲ ಅಂತ. ಅವತ್ತಿಂದ ಬರೀ ಖಾಲಿ ಡಬ್ಬಿ ತಟ್ಟುತಾ ಕೂತವ್ರೆ" ಎಂದರು.

ನಾನು ಡಬ್ಬಿ ಕಿತ್ತುಕೊಂಡು ಬಿಚ್ಚಿ ನೋಡಿದೆ. ಅತ್ತೆ ತೊಳೆದಿಟ್ಟ ದೇವರ ಬಟ್ಟಲಿನ ಹಾಗೆ ಹೊಳೆಯುತ್ತಿತ್ತು. ಮಾವ ಮೊದಲ ಸಲ ಡಬ್ಬಿ ತಟ್ಟದೆ ಮಾತಾಡಿದರು.

"ನಿಮ್ಮಮ್ಮನ ಹದ ಕಣವ್ವ ಅದು. ನನಗಂತೂ ಮೂಗಿಲ್ಲ. ನಿನ್ನ ಹತ್ರಾನಾದ್ರೂ ಇರ್ಲಿ ಅಂತ."

ನಾನು ಅಂಗಡಿಗೆ ಓಡಿದೆ. ಅವರದೇ ಅಂಗಡಿಯ ನಶ್ಯದ ಪೊಟ್ಟಣ ತಂದು, ಡಬ್ಬಿ ತುಂಬಿಸಿ, ಅವರ ಕೈಗಿಟ್ಟೆ. "ಬೇಡ ಬಿಡೇ, ಚಟ ಬಿಟ್ಟಿದ್ದೇ ಒಳ್ಳೇದಾಯ್ತು" ಎಂದರು. "ಒಂದೇ ಒಂದು ಸಲ ಮಾವ, ನನಗೋಸ್ಕರ" ಎಂದೆ. ಟಕ್ ಟಕ್. ಚಿಟಿಕೆ ತೆಗೆದು ಏರಿಸಿದರು. ಅಭ್ಯಾಸ ತಪ್ಪಿದ ಮೂಗು, ಸೀನಿದ ರಭಸಕ್ಕೆ ಹಿತ್ತಿಲ ಗೋಡೆಯ ಮೇಲಿದ್ದ ಬೆಕ್ಕು ಆ ಕಡೆ ಹಾರಿತು. ಅತ್ತೆ ಬೈದರು. ಮಾವ ಕಣ್ಣು ಮೂಗು ಒರೆಸಿಕೊಂಡು, ಹೆದರಿಕೆಯಿಂದಲೇ ನನ್ನ ಮುಖ ನೋಡಿದರು.

"ಬಂತೇನವ್ವ?"

ಬಾಗಿಲಲ್ಲಿ ನೋಡದೆ ಒಳಗಿನಿಂದಲೇ ನನ್ನನ್ನು ಕೂಗಿಸುತ್ತಿದ್ದ ಆ ಖಾರ ಖಾರ ವಾಸನೆ ಮೂಗಿಗೆ ಬಡಿದಿತ್ತು.

"ಬಂತು" ಎಂದೆ. "ಮಾವ ಬಂದ್ರು."