ಮಗಳ ದೀಕ್ಷಾಸ್ನಾನಕ್ಕೊಂದು ಚರ್ಚು

ನಮ್ಮೂರಲ್ಲಿ ಇರುವುದು ಒಂದೇ ಚರ್ಚು, ಆರಿಸುವ ತಾಪತ್ರಯವಿಲ್ಲ. ಪುಣೆಯಲ್ಲಿ ಹಾಗಲ್ಲ. ನಾವು ಭಕ್ತಿಯಿಂದ ಕಾಲಿಟ್ಟಲ್ಲೆಲ್ಲ ಏನಾದರೊಂದು ಆಗಿಯೇ ತೀರುತ್ತಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ಖಡಕಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ಗದಗದ ಕಡೆಯಿಂದ ಬಂದಿದ್ದೆವು. ಮಗಳು ಹುಟ್ಟಿದ್ದಳು. ದೀಕ್ಷಾಸ್ನಾನ ಆಗಬೇಕಾದರೆ ಮೊದಲು ನಾವು ಯಾವುದಾದರೂ ಚರ್ಚಿನ ಸಭೆಗೆ ಸೇರಬೇಕು. "ನೀವು ಚರ್ಚ್ ಆರಿಸೂದ್ರಾಗ ಕೂಸಿಗೆ ಹಲ್ಲು ಬರ್ತಾವು ನೋಡ್ರಿ," ಎಂದು ಹೆಂಡತಿ ದಿನವೂ ಚುಚ್ಚುತ್ತಿದ್ದಳು.

೧. ಚಪ್ಪಲಿ

ಮೊದಲು ದಂಡಿನ ಪ್ರದೇಶವಾದ ಕ್ಯಾಂಪಿನ ಇಂಗ್ಲಿಷ್ ಚರ್ಚು. ಊರ ರೂಢಿಯಂತೆ ಚಪ್ಪಲಿ ಬಾಗಿಲಲ್ಲೇ ಬಿಟ್ಟೆವು. ಒಳಗೆ ಎಲ್ಲರೂ ಬೂಟು ಹಾಕಿಕೊಂಡೇ ಕೂತಿದ್ದರು. ಕೋಟು ತೊಟ್ಟ ಹಿರಿಯರೊಬ್ಬರು ನಮ್ಮ ಬರಿಗಾಲು ನೋಡಿ, ಮನೆಗೆಲಸದವರ ಪ್ರಾರ್ಥನೆ ಸಂಜೆಗಿದೆ ಎಂದು ಹಿಂದಿಯಲ್ಲಿ ಬಹಳ ಪ್ರೀತಿಯಿಂದ ತಿಳಿಸಿದರು.

ಹೊರಗೆ ಬಂದು ಹೆಂಡತಿ ಕೇಳಿದಳು: "ದೇವರ ಮುಂದ ಚಪ್ಪಲಿ ಬಿಟ್ಟವರು ಕೆಲಸದವರಾದ್ರ, ಹಾಕ್ಕೊಂಡು ಕುಂತವರು ಮಾಲಕರೇನ್ರಿ?"

೨. ನೀರು

ಆಮೇಲೆ ಒಂದು ಪ್ರಾರ್ಥನಾ ಹಾಲ್. ಅಲ್ಲಿ ಪ್ರಾರ್ಥನೆ ನಡೆಸುವ ಬ್ರದರ್ ಸೊಲ್ಲಾಪುರದವರು, ಕನ್ನಡ ಬಲ್ಲವರು. "ಮೊದಲು ನಿಮ್ಮ ದೀಕ್ಷಾಸ್ನಾನ ಆಗ್ಲಿ," ಎಂದರು.

"ಸಣ್ಣವ ಇದ್ದಾಗನ ಆಗ್ಯದ್ರಿ. ನಮ್ಮೂರ ಪಾದ್ರಿ ಅಯ್ಯನವರು ತಲಿ ಮ್ಯಾಲ ನೀರು ಹಾಕ್ಯಾರ."

"ಅದು ನಡ್ಯಾಂಗಿಲ್ರಿ. ಮುಠಾ ಹೊಳ್ಯಾಗ ಪೂರಾ ಮುಳುಗಬೇಕು."

ಊರ ಗಟಾರವೆಲ್ಲ ಬಂದು ಸೇರುವ ಮುಠಾ ಹೊಳೆ ಹೆಂಡತಿಗೆ ಗೊತ್ತಿತ್ತು. "ಆತ್ರಿ. ಆದ್ರ ಅದ್ರಾಗ ಮುಳುಗಿ ಎದ್ದ ಮ್ಯಾಲ ಸ್ನಾನಕ್ಕ ಎಲ್ಲಿ ಹೋಗೂದ್ರಿ?"

೩. ಬಲ, ಎಡ

ಉಳಿದದ್ದು ಮನೆ ಹತ್ತಿರದ ಮರಾಠಿ ಚರ್ಚು. ನಮ್ಮೂರಲ್ಲಿ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ಇಲ್ಲಿ ಗಂಡಸರು ಹೆಂಗಸರು ಎರಡೂ ಕಡೆ ಬೆರೆತು ಕೂತಿದ್ದರೂ ನಾವು ನಮ್ಮ ಮರ್ಯಾದೆ ಬಿಡಲಿಲ್ಲ. ನಾನು ಬಲಕ್ಕೆ ಕೂತೆ. ಕೂಸಿನೊಡನೆ ಅವಳು ಎಡಕ್ಕೆ ಕೂತಳು. ಇಡೀ ಸಭೆ ನಮ್ಮನ್ನೇ ನೋಡಿತು.

ಬಲಕ್ಕೆ ಚರ್ಚು ಸಮಿತಿಯ ಹಳೆಯ ಕಾರ್ಯದರ್ಶಿಯ ಕಡೆಯವರು, ಎಡಕ್ಕೆ ಹೊಸ ಕಾರ್ಯದರ್ಶಿಯ ಕಡೆಯವರು, ಎರಡೂ ಕಡೆಯವರ ನಡುವೆ ಮಾತೇ ಇಲ್ಲ ಎಂಬುದು ನಮಗೇನು ಗೊತ್ತು? ತಮ್ಮ ಜಗಳ ಬಡವರ ಸಂಸಾರವನ್ನೇ ಒಡೆಯಿತೆಂದು ಹೆದರಿ, ಸಂಜೆ ಎರಡೂ ಕಡೆಯ ಹಿರಿಯರು ಪಾದ್ರಿಗಳನ್ನು ಮುಂದಿಟ್ಟುಕೊಂಡು ಮನೆಗೆ ಬಂದರು. "ಕೂಸಿನ ಮುಖ ನೋಡಿಯಾದರೂ ಒಂದಾಗಿ," ಎಂದು ಮರಾಠಿಯಲ್ಲಿ ಬುದ್ಧಿ ಹೇಳಿದರು. ಕೂಡಿ ಪ್ರಾರ್ಥಿಸಿದರು. ಕೂಡಿ ಚಹಾ ಕುಡಿದರು.

ಹಿರಿಯರೆಲ್ಲ ಹೋದ ಮೇಲೆ, ಹಿಂದೆ ಉಳಿದ ಪಾದ್ರಿಗಳಿಗೆ ನಿಜ ಹೇಳಿದೆ: ನಮ್ಮಲ್ಲಿ ಜಗಳವೇ ಇಲ್ಲ, ಊರ ರೂಢಿಯಂತೆ ಕೂತೆವಷ್ಟೇ. ಅವರು ಬಾಗಿಲು ಮುಂದೆ ಮಾಡಿ ಕೈ ಮುಗಿದರು: "ಯಾರಿಗೂ ಹೇಳಬೇಡಿ! ನಾನು ಬಂದಾಗಿನಿಂದ ಇವರು ಕೂಡಿ ಪ್ರಾರ್ಥಿಸಿದ್ದು ಇದೇ ಮೊದಲು. ಬರುವ ರವಿವಾರವೇ ಕೂಸಿಗೆ ದೀಕ್ಷಾಸ್ನಾನ ಮಾಡುತ್ತೇನೆ. ಅಲ್ಲಿಯವರೆಗೆ ದಯಮಾಡಿ ಜಗಳದಲ್ಲೇ ಇರಿ."

ನಾನು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದೆ. ಹೆಂಡತಿ ಆಗಲೇ ಒಪ್ಪಿದ್ದಳು.

"ಆಗ್ಲಿ ಬಿಡ್ರಿ, ದೇವರ ಕೆಲಸ. ಆದ್ರ ಜಗಳ ಖರೇ ಕಾಣಬೇಕಲ್ಲ? ರವಿವಾರದ ತನಕ ನಿಮ್ಮ ಅಂಗಿ ನೀವ ಒಗಕೋರಿ, ರೊಟ್ಟಿನೂ ನೀವ ಬಡಕೋರಿ."