ಕೇತೇಗೌಡರ ಹನ್ನೊಂದು ಸಂಸಾರ

ಕಷ್ಟದ ಪದ ಕಂಡರೆ ನಾನು ನಿಘಂಟು ತೆರೆಯುತ್ತೇನೆ. ನನ್ನ ಮಾನ ಕಳೆದಿರುವುದೆಲ್ಲ ಸುಲಭದ ಪದಗಳೇ. ದೆಹಲಿಯ ಓಖ್ಲಾದ ಒಂದು ಮುದ್ರಣ ಕಚೇರಿಯಲ್ಲಿ ಕನ್ನಡದಿಂದ ಹಿಂದಿಗೆ ಅನುವಾದ ಮಾಡುವುದು ನನ್ನ ಕೆಲಸ. ಒಮ್ಮೆ ಬಿಳಿಗಿರಿ ಬೆಟ್ಟದ ಸೋಲಿಗರ ಬಗ್ಗೆ ಛಾಯಾಚಿತ್ರ ಪ್ರದರ್ಶನವೊಂದಕ್ಕೆ ಫಲಕಗಳು ಬಂದವು. ಹನ್ನೆರಡು ಹೆಂಗಸರ ಚಿತ್ರ, ಕೆಳಗೆ ಅವರವರ ಮಾತು. "ನಮ್ಮ ಯಜಮಾನರು ಕೇತೇಗೌಡರು ಹೇಳಿದ ಮೇಲೇ ಜೇನು ಕೀಳೋದು" ಎಂದು ಒಬ್ಬರು, "ಜಗಳ ಆದರೆ ಯಜಮಾನರ ಹತ್ತಿರ ಹೋಗ್ತೀವಿ" ಎಂದು ಇನ್ನೊಬ್ಬರು. ಮೈಸೂರಿನಲ್ಲಿ ಬೆಳೆದ ನನಗೆ ಯಜಮಾನರೆಂದರೆ ಗಂಡ. ಆ ಪದ ಬಂದ ಹನ್ನೊಂದು ಕಡೆಯೂ 'ಪತಿ' ಎಂದು ಬರೆದು, ಊಟಕ್ಕೆ ಎದ್ದೆ.

ಪ್ರದರ್ಶನದ ಮೊದಲ ದಿನ ನಾನೂ ಅಲ್ಲಿದ್ದೆ. ದೆಹಲಿಯಲ್ಲೇ ಸಂಶೋಧನೆ ಮಾಡುತ್ತಿರುವ ಸುಮಾ ತನ್ನ ತಂದೆಯನ್ನು ಕರೆತಂದಳು. ತಂದೆಯೇ ಕೇತೇಗೌಡರು, ಅವರ ಪೋಡಿನ, ಎಂದರೆ ಸೋಲಿಗರ ಆ ಊರಿನ, ಮುಖ್ಯಸ್ಥರು. ರೋಹಿಣಿ ಬಡಾವಣೆಯಿಂದ ಬಂದಿದ್ದ ಹಿರಿಯರೊಬ್ಬರು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಹನ್ನೊಂದು ಜನರನ್ನು ಒಟ್ಟಿಗೆ ಹೇಗೆ ನಿಭಾಯಿಸುತ್ತೀರಿ ಎಂದು ಹಿಂದಿಯಲ್ಲಿ ಭಕ್ತಿಯಿಂದ ಕೇಳಿದರು. ಗೋಡೆಯ ಮೇಲಿನ ಫಲಕಗಳನ್ನು ಓದಿದ ಸುಮಾಳ ಮುಖ ಕೆಂಪಾಯಿತು. ಹನ್ನೊಂದು ಪತ್ನಿಯರಲ್ಲಿ ಒಬ್ಬರು ಗೌಡರ ಸ್ವಂತ ಅಕ್ಕ, ಸುಮಾಳ ಸೋದರತ್ತೆ. ನಿಜವಾದ ಹೆಂಡತಿ ಮಾತ್ರ "ನಮ್ಮ ಮನೆಯವರು" ಎಂದಿದ್ದರು. ಅದನ್ನು ನಾನು 'ಕುಟುಂಬದ ಸದಸ್ಯರು' ಮಾಡಿದ್ದೆ. ಇಡೀ ಪೋಡಿನಲ್ಲಿ ಗಂಡನಿಲ್ಲದವರು ಅವರೊಬ್ಬರೇ.

"ಮೇಡಂ, ನಮ್ಮತ್ತೆ ಇದನ್ನ ನೋಡಿದ್ರೆ ಏನಾಗ್ತಿತ್ತು?" ಎಂದು ಸುಮಾ, ಅನುವಾದ ನನ್ನದೆಂದು ತಿಳಿದು, ನನ್ನನ್ನು ಕೇಳಿದಳು. ಆಗ ನಾನು ಕ್ಷಮೆ ಕೇಳಿ ಸುಮ್ಮನಾಗಬೇಕಿತ್ತು. ಬದಲಿಗೆ ಗೌಡರನ್ನು ಕುರ್ಚಿಯಲ್ಲಿ ಕೂರಿಸಿ ಪದದ ಚರಿತ್ರೆ ಹೇಳತೊಡಗಿದೆ: ಯಜ್ಞ ಮಾಡಿಸುವವನು ಯಜಮಾನ, ಅಂಗಡಿಯ ಧಣಿ ಯಜಮಾನ, ಮನೆಯ ಹಿರಿಯ ಯಜಮಾನ, ಗಂಡನೂ ಯಜಮಾನ, ಹೀಗಾಗಿ ತಪ್ಪು ನನ್ನದಲ್ಲ, ಕನ್ನಡದ್ದು. ಗೌಡರು ಮೊಣಕಾಲ ಮೇಲೆ ಕೈಯಿಟ್ಟು ಕೇಳುತ್ತಲೇ ಇದ್ದರು. ಅಷ್ಟರಲ್ಲಿ ಸುಮಾ ಹನ್ನೊಂದು ಫಲಕಗಳನ್ನೂ ಕೆಳಗಿಳಿಸಿದ್ದಳು.

ನಾನು ಉಸಿರೆಳೆದುಕೊಂಡಾಗ ಅವರು ಮೆಲ್ಲಗೆ, "ನಮ್ಮಲ್ಲಿ ಎಲ್ರೂ ಮಾತಾಡಿ ಮುಗಿಸೋಗಂಟ ಸುಮ್ನೆ ಕೂತಿರೋನೇ ಯಜಮಾನ. ನಿಮ್ದು ಮುಗೀತಾ ಅವ್ವಾ?" ಎಂದರು.

ಮುಗಿದಿರಲಿಲ್ಲ. ಇಲ್ಲಿನ ಪುರೋಹಿತರು ದಕ್ಷಿಣೆ ಕೊಡುವವರನ್ನು 'ಜಜಮಾನ್' ಎನ್ನುವ ವಿಚಾರ ಇನ್ನೂ ಬಾಕಿ ಇತ್ತು. ಅದನ್ನೂ ಹೇಳಿದೆ.