ದೊಡ್ಡಮ್ಮ ಬೆಂಚಿನಲ್ಲಿ ಕೂತರೆ ಊಟ

ಹೆದರುವವನನ್ನೇ ಹುಡುಕಿಕೊಂಡು ಇಂಥವು ಬರುತ್ತವೆ. ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ಹೋಟೆಲು. ಮಲೆನಾಡಿನ ಹಳೇ ಅಡುಗೆ ಮಾತ್ರ. ಅಂದರೆ ಸೊಪ್ಪು, ಕಳಲೆ, ಅಣಬೆ, ಹೀಗೆ ಕಾಡು ಕೊಟ್ಟದ್ದು. ಅಡುಗೆ ನನ್ನ ದೊಡ್ಡಮ್ಮನದು, ಹೆದರಿಕೆ ನನ್ನದು. ಒಬ್ಬ ಗಿರಾಕಿಗೆ ಹೊಟ್ಟೆ ಕೆಟ್ಟರೂ ಅವತ್ತೇ ಬೋರ್ಡು ಇಳಿಸುವುದು ಎಂದು ದೊಡ್ಡಮ್ಮ ಮೊದಲ ದಿನವೇ ಹೇಳಿದ್ದಳು. ಹೇಳಿದ್ದನ್ನು ಮಾಡುವವಳು.

೧

ಪತ್ರೊಡೆ ಮಾಡುವುದು ಕೆಸುವಿನ ಎಲೆಯಲ್ಲಿ. ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಇದನ್ನು ಮೊದಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಎರಡನೇ ತುತ್ತಿಗೇ ಕೆಮ್ಮಿದರು. ನಾನು ಹುಣಸೆಹಣ್ಣಿನ ಉಂಡೆ ಹಿಡಿದು ಓಡಿ, ನೆಕ್ಕಿ ಎಂದು ಬೇಡಿಕೊಂಡೆ. ಪಾಪ, ನೆಕ್ಕಿದರು. ಮುಖ ಕಿವುಚಿ, ನೀರು ಕುಡಿದು ಹೇಳಿದರು:

"ಇದು ನಾನು ಮನೆಯಿಂದಲೇ ತಂದ ಕೆಮ್ಮು ಮಾರಾಯ್ರೆ. ಹತ್ತು ವರ್ಷ ಆಯ್ತು."

೨

ಕಳಲೆ, ಅಂದರೆ ಎಳೆ ಬಿದಿರು, ಮೂರು ದಿನ ನೀರಲ್ಲಿ ನೆನೆಯಬೇಕು, ದಿನಾ ನೀರು ಬದಲಿಸಬೇಕು. ಇಲ್ಲದಿದ್ದರೆ ಹೊಟ್ಟೆಗೆ ಕೆಟ್ಟದ್ದು. ನಾನು ಹೆದರಿ, ದೊಡ್ಡಮ್ಮನಿಗೆ ಗೊತ್ತಾಗದಂತೆ ಗಂಟೆಗೊಮ್ಮೆ ಬದಲಿಸಿದೆ, ಆರು ದಿನ. ನಗರದಿಂದ ಬಂದವರೊಬ್ಬರು ಆ ಕಳಲೆಯ ಪಲ್ಯವನ್ನೆಲ್ಲ ಮುಗಿಸಿ, ಊಟ ಚೆನ್ನಾಗಿದೆ ಎಂದು ಹೊಗಳಿ, ಕೇಳಿದರು:

"ಕಳಲೆ ಯಾವಾಗ ಬಡಿಸ್ತೀರಿ?"

೩

ಕಾಡಣಬೆಗೆ ದೊಡ್ಡಮ್ಮನದೇ ಕಟ್ಟಳೆ. ಸಾರು ಇಳಿಸಿದ ಕೂಡಲೇ ತಾನೇ ಮೊದಲು ತಿಂದು, ಬಾಗಿಲ ಪಕ್ಕದ ಬೆಂಚಿನಲ್ಲಿ ಒಂದು ಗಂಟೆ ಕೂರುತ್ತಾಳೆ. ವಿಷವಿದ್ದರೆ ತನಗೇ ತಿಳಿಯಲಿ ಎಂದು. ಗಿರಾಕಿಗಳೂ ಬೆಂಚು ನೋಡಿಯೇ ಒಳಗೆ ಬರುತ್ತಾರೆ.

ಮೊನ್ನೆ ದೊಡ್ಡಮ್ಮ ಬೆಂಚಿನಲ್ಲಿದ್ದಳು, ಬಡಿಸಿದೆ. ಎಲ್ಲರೂ ಅರ್ಧ ಉಂಡಿದ್ದಾಗ ನೋಡಿದರೆ ಅವಳ ತಲೆ ವಾಲಿದೆ, ಬಾಯಿ ತೆರೆದಿದೆ. ಉಣ್ಣುವವರ ಕೈಗಳು ಎಲೆಯ ಮೇಲೇ ನಿಂತವು. ನಾನು ಓಡಿ ಹೋಗಿ ಅವಳನ್ನು ಅಲುಗಿಸಿದೆ. ಕಣ್ಣು ಬಿಟ್ಟಳು. ಎಲ್ಲರೂ ಉಸಿರು ಬಿಟ್ಟು, ಎಲೆ ಒರೆಸಿದ ಹಾಗೆ ಉಂಡರು. ಆ ಖುಷಿಗೆ ನಾನೂ ಎರಡು ಸಲ ಹಾಕಿಕೊಂಡೆ.

ಆಮೇಲೆ, ಅಣಬೆ ತಿಂದು ನಿದ್ದೆ ಬಂತಾ ದೊಡ್ಡಮ್ಮ ಎಂದೆ.

"ನಾನೆಲ್ಲಿ ತಿಂದೆ? ಇವತ್ತು ಸೋಮವಾರ, ನಂಗೆ ಒಪ್ಪತ್ತು. ಹೊಟ್ಟೆ ಖಾಲಿ, ಸುಸ್ತಾಗಿ ಕೂತೆ, ಜೊಂಪು ಹತ್ತಿತು."

ಅವತ್ತೂ ಊಟಕ್ಕೆ ಬಂದಿದ್ದ ಪತ್ರೊಡೆಯ ಮೇಷ್ಟ್ರು ಕೈ ತೊಳೆದು ಹೋಗಿ ಬೆಂಚಿನಲ್ಲಿ ಕೂತರು. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಜಾಗ ಸಾಲದೆ ನಾನು ನೆಲದಲ್ಲಿ ಕೂತೆ. ಯಾರಿಗೂ ಏನೂ ಆಗಲಿಲ್ಲ, ಬೋರ್ಡೂ ಇಳಿಯಲಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ಆದರೆ ಆಗ ನಮಗೆ ಅದು ಗೊತ್ತಿರಲಿಲ್ಲ. ಗಡಿಯಾರ ನೋಡುತ್ತಾ ಅರ್ಧ ಗಂಟೆ ಕಳೆದಿತ್ತು, ಮೇಷ್ಟ್ರು ಕೆಮ್ಮಿದರು.

ಎಲ್ಲರೂ ಅವರತ್ತ ತಿರುಗಿದೆವು.

ಮೇಷ್ಟ್ರು ಎರಡೂ ಕೈ ಎತ್ತಿ, "ಮನೇದು, ಮನೇದು," ಎಂದರು.